ದುದ್ದದ ಹೊಲಕ್ಕೆ ಮುಯ್ಯಾಳು

ನಾನು ಹಾಸನಕ್ಕೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ವಾರ್ಡಿಗೆ ಕಾಲಿಟ್ಟರೆ, ಆಯಾ ನಿಂಗಮ್ಮನ ಜಾಗದಲ್ಲಿ ಗುರುತೇ ಇಲ್ಲದ ಹೆಂಗಸೊಬ್ಬಳು ಮುದುಕಿಯರ ತಲೆ ಬಾಚುತ್ತ ಕುಳಿತಿದ್ದಳು. ಯಾರು ನೀನು ಎಂದೆ.

"ನಿಂಗಿ ನಾದಿನಿ, ಕೆಂಪಮ್ಮ. ಇವತ್ತು ಅವಳ ರಾಗಿ ಕುಯ್ಲು. ನಾನು ಮುಯ್ಯಿಗೆ ಬಂದಿವ್ನಿ ಅಮ್ಮಾರೆ" ಎಂದಳು, ಬಾಚಣಿಗೆ ನಿಲ್ಲಿಸದೆ.

ನಿವೃತ್ತಿಯಾಗುವವರೆಗೆ ನಾನು ಮಂಗಳೂರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಅಲ್ಲಿ ಯಾರ ಪಾಳಿ ಯಾವಾಗ ಎಂದು ಗೋಡೆಯ ಹಲಗೆ ಹೇಳುತ್ತಿತ್ತು. ಪಾಳಿ ಬದಲಿಸಲು ಮೇಲಿನವರ ಅಪ್ಪಣೆ ಬೇಕಿತ್ತು. ದಿಕ್ಕಿಲ್ಲದ ವೃದ್ಧೆಯರ ಈ ಆಶ್ರಮದಲ್ಲಿ ಮೇಲಿನವಳು ನಾನೇ. ಆಯಾಗಳು ಇಬ್ಬರೇ, ಇಬ್ಬರಿಗೂ ಹತ್ತಿರದ ಊರು ದುದ್ದದಲ್ಲಿ ಹೊಲ. ಮುಯ್ಯಿ ಎಂದರೆ, ಇಂದು ನೀನು ನನ್ನ ಕೆಲಸಕ್ಕೆ ಬಂದರೆ ನಾಳೆ ನಾನು ನಿನ್ನ ಕೆಲಸಕ್ಕೆ, ಕೂಲಿಯ ಮಾತಿಲ್ಲ. ಹೊಲದ ಈ ಪದ್ಧತಿಯನ್ನು ಇವರು ವಾರ್ಡಿಗೂ ತಂದಿದ್ದರು.

ನಾನು ಹೆದರಿದ್ದು ಚಿಕ್ಕತಾಯಮ್ಮನನ್ನು ನೆನೆದು. ಹಾಸಿಗೆ ಹಿಡಿದ ಜೀವ. ಬೆನ್ನಿನ ಹುಣ್ಣು ಆಗಷ್ಟೇ ಮಾಯುತ್ತಿತ್ತು. ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸದಿದ್ದರೆ ಮತ್ತೆ ಬಾಯಿ ಬಿಡುತ್ತದೆ. ಆ ದಿನವೆಲ್ಲ ಕೆಂಪಮ್ಮನ ಬೆನ್ನ ಹಿಂದೆಯೇ ನಿಂತೆ. ಅವಳು ಊರ ಸುದ್ದಿ ಹೇಳಿ ಮುದುಕಿಯನ್ನು ನಗಿಸುತ್ತಲೇ, ಚರ್ಮ ಎಳೆಯದಂತೆ ಎರಡೂ ಅಂಗೈ ಕೊಟ್ಟು ಹೊರಳಿಸಿದಳು. ತಿದ್ದಬೇಕಾದದ್ದು ಒಂದಿತ್ತು: ಕೈ ತೊಳೆಯುವುದು. ಹೇಳಿದೆ. ಮತ್ತೊಮ್ಮೆ ಹೇಳಬೇಕಾಗಲಿಲ್ಲ.

ಇಲ್ಲಿ ಹೇಗಿದ್ದೀರಿ ಎಂದು ಮಂಗಳೂರಿನ ನೀವೆಲ್ಲ ಕೇಳುತ್ತೀರಿ. ನಮ್ಮ ಕುಚ್ಚಲಕ್ಕಿ ಗಂಜಿಯ ಜಾಗದಲ್ಲಿ ರಾಗಿ ಮುದ್ದೆ. ಮೊದಲ ದಿನ ನಾನು ಅದನ್ನು ಅಗಿದದ್ದು ಕಂಡು ಮುದುಕಿಯರ ಸಾಲಿಗೆ ಸಾಲೇ ನಕ್ಕಿತು. ಈಗ ನುಂಗುತ್ತೇನೆ. ಸಂಜೆ ದೀಪ ಹಚ್ಚಿದ ಮೇಲೆ ತುಳುವಿನಲ್ಲಿ ಎರಡು ಮಾತಾಡಲು ಯಾರೂ ಇಲ್ಲ. ಅದು ಮಾತ್ರ ಇನ್ನೂ ನುಂಗಲಾಗಿಲ್ಲ.

ಕೆಂಪಮ್ಮನ ರಾಗಿಯೂ ಬಲಿಯಿತು. ಮುಯ್ಯಿ ತೀರಿಸಲು ನಿಂಗಮ್ಮ ಹೋಗಬೇಕಾದ ದಿನವೇ ಇನ್ನೊಬ್ಬ ಆಯಾ ಜ್ವರ ಬಂದು ಮಲಗಿದಳು. ರಜೆ ಇಲ್ಲ ಎಂದೆ. ನಿಂಗಮ್ಮ ಜಗಳವಾಡಲಿಲ್ಲ.

"ಮುಯ್ಯಿ ತಪ್ಪಿದ್ರೆ ನಾಳೆ ಇಲ್ಲಿಗೆ ಯಾರೂ ಬರಾಕಿಲ್ಲ ಕಣಮ್ಮ. ಚಿಕ್ಕತಾಯವ್ವನ್ನ ಆಗ ಯಾರು ವರಳಿಸ್ತಾರೆ?"

ಮುದುಕಿಯನ್ನು ಎತ್ತುವ ಬಲ ನನ್ನ ಸೊಂಟಕ್ಕಿಲ್ಲ. ಹಾಗಾಗಿ ನಿಂಗಮ್ಮನನ್ನು ವಾರ್ಡಿನಲ್ಲಿ ಬಿಟ್ಟು, ಸೆರಗು ಸಿಕ್ಕಿಸಿ, ಅವಳ ಬದಲಿಗೆ ನಾನೇ ದುದ್ದದ ಬಸ್ಸು ಹತ್ತಿದೆ.

ಕುಡುಗೋಲು ಕೈಗೆ ಬಂದಾಗ ಹೊಲವೆಲ್ಲ ನನ್ನತ್ತ ತಿರುಗಿತು. "ಅದು ಗಾಯ ಕಟ್ಟೋ ಕತ್ತರಿ ಅಲ್ಲ ಅಮ್ಮಾರೆ, ಅಂಗ್ ಇಡೀಬ್ಯಾಡಿ" ಎಂದು ಕೆಂಪಮ್ಮ ಹಿಡಿಯುವುದನ್ನು ತೋರಿಸಿದಳು. ಉಳಿದವರು ಸಾಲು ಮುಗಿಸಿ ತಿರುಗಿದರೂ ನಾನು ಅರ್ಧದಲ್ಲೇ ಇದ್ದೆ. ಯಾರೂ ಅದನ್ನು ಎತ್ತಿ ಆಡಲಿಲ್ಲ. ಬಂದ ಆಳು ಬಂದ ಆಳೇ.

ಹೊರಡುವಾಗ ಕೆಂಪಮ್ಮನೇ ಕೇಳಿದಳು: "ನಿಮ್ಮೂರಿಗೆ ಯಾವಾಗ ಓಯ್ತೀರಿ? ಮೊದಲೇ ಯೋಳಿ. ನಿಮ್ಮ ಬದಲಿಗೆ ನಾನು ಬತ್ತೀನಿ."

ಚಿಕ್ಕತಾಯಮ್ಮನ ಬೆನ್ನು ಈಗ ಪೂರ್ತಿ ಮಾಯ್ದಿದೆ. ಕೋಣೆ ಖಾಲಿ ಇದೆ, ಬಂದು ಇಲ್ಲೇ ಇದ್ದುಬಿಡು ಎನ್ನುತ್ತಾನೆ ಮಂಗಳೂರಿನ ತಮ್ಮ. ಬರುತ್ತೇನೆ ಎಂದಿದ್ದೇನೆ. ಎಷ್ಟು ದಿನಕ್ಕೆ ಎಂಬುದನ್ನು ಕೆಂಪಮ್ಮನನ್ನು ಕೇಳಿ ತಿಳಿಸಬೇಕು.