ಕೆಂಪು ಗಂಟೆಗಳನ್ನು ಕಾಯುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ದುಡಿಯುವ ಹೆಣ್ಣುಮಕ್ಕಳ ವಸತಿನಿಲಯ. ಕಾರಿಡಾರಿನಲ್ಲಿ ಏಣಿ ಹತ್ತಿ ನಿಂತ ಹೆಂಗಸೊಬ್ಬರು ಚಾವಣಿಗೆ ಅಂಟಿದ, ಹೊಗೆ ಪತ್ತೆಮಾಡುವ ಬಿಳಿ ಸೆನ್ಸರ್‌ಗೆ ಡಬ್ಬಿಯಿಂದ ಹೊಗೆ ಊದುತ್ತಾರೆ. ಗೋಡೆಯ ಕೆಂಪು ಗಂಟೆ ಕಿವಿ ಗಡಚಿಕ್ಕುತ್ತದೆ. ಬಾಗಿಲೊಂದು ತೆರೆದು ಕೆದರಿದ ತಲೆಯೊಂದು ಇಣುಕುತ್ತದೆ.

“ಇವತ್ತು ನಿಜಾನಾ ಸುಳ್ಳಾ, ಅಕ್ಕಾ?”

“ಸುಳ್ಳೇ. ಆದ್ರೂ ಒಂದ್ಸಲ ಕೆಳಗಿಳಿದು ಬಾ, ಕಾಲಿಗೆ ದಾರಿ ಗೊತ್ತಿರ್ಲಿ.”

ಈ ಬೀದಿಗಳಲ್ಲಿ ಅವರು ಎಲ್ಲರಿಗೂ ಗಂಟೆ ಅಕ್ಕ. ದೊಡ್ಡ ಕಟ್ಟಡಗಳ ಜಾಣ ಯಂತ್ರಗಳು ಯಾವ ಕೋಣೆಯಲ್ಲಿ ಹೊಗೆ ಎಂದು ಕರಾರುವಾಕ್ಕಾಗಿ ಹೇಳುತ್ತವೆ. ಅಕ್ಕ ನೋಡಿಕೊಳ್ಳುವ ಸಣ್ಣ ಕಟ್ಟಡಗಳದು ಹಳೆಯ, ಸರಳ ಏರ್ಪಾಡು: ಮಹಡಿಗೊಂದು ತಂತಿ, ತಂತಿಗೊಂದು ದೀಪ. ಬಾಗಿಲ ಬಳಿಯ ಪೆಟ್ಟಿಗೆ ಮಹಡಿಯನ್ನಷ್ಟೇ ತೋರಿಸುತ್ತದೆ. “ಅದು ಬೆರಳು ತೋರ್ಸುತ್ತೆ, ಹುಡುಕೋದು ನಮ್ಮ ಪಾಲು. ಮೂರು ಮೆಟ್ಟಿಲ ಮನೆಗೆ ಅದಕ್ಕಿಂತ ದೊಡ್ಡ ಬಾಯಿ ಯಾಕೆ?” ಎನ್ನುತ್ತಾರೆ ಅಕ್ಕ.

ಕೆಲಸ ಕಲಿಸಿದ್ದು ಗಂಡ. ಏಣಿಯಿಂದ ಬಿದ್ದು ಅವರ ಸೊಂಟ ಕೈಕೊಟ್ಟಾಗ ಅಕ್ಕ ಚೀಲ ಹೆಗಲಿಗೇರಿಸಿದರು. ಈಗ ಗಂಡ ಅಡುಗೆಮನೆಯ ಮೇಜಿನ ಬಳಿ ಕೂತು, ಕಳಚಿ ತಂದ ಸೆನ್ಸರ್‌ಗಳ ಧೂಳು ತೆಗೆಯುತ್ತಾರೆ. “ಎಲ್ಲಾ ಹೇಳ್ಕೊಟ್ಟೆ. ಬೀಳೋದೊಂದು ಹೇಳ್ಕೊಡ್ಲಿಲ್ಲ,” ಎಂದು ನಗುತ್ತಾರೆ.

ಕಳೆದ ವರ್ಷ ಹೊಲಿಗೆ ಅಂಗಡಿಯ ಯಜಮಾನರು ಇಸ್ತ್ರಿಯ ಹಬೆಗೆಲ್ಲ ಗಂಟೆ ಬಡಿದುಕೊಳ್ಳುತ್ತದೆಂದು ರೋಸಿಹೋಗಿ ತಂತಿಯನ್ನೇ ಕತ್ತರಿಸಿಬಿಟ್ಟಿದ್ದರು. ಪೆಟ್ಟಿಗೆಯಲ್ಲಿ ದೋಷದ ಹಳದಿ ದೀಪ ಕಂಡ ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ತಂತಿ ಜೋಡಿಸಿದರು. ಇಸ್ತ್ರಿ ಮೇಜಿನ ಮೇಲಿನ ಚಾವಣಿಗೆ, ಶಾಖಕ್ಕೆ ಮಾತ್ರ ಎಚ್ಚರಗೊಳ್ಳುವ ಸೆನ್ಸರ್ ಕೂರಿಸಿ, ಹೊಗೆಯದನ್ನು ಚಿಂದಿಬಟ್ಟೆಯ ಕೋಣೆಗೆ ಸರಿಸಿದರು. “ಇನ್ನು ಸುಮ್‌ಸುಮ್ನೆ ಕೂಗಲ್ಲ. ಕೂಗಿದ್ರೆ ಮಾತ್ರ ಎಲ್ಲಾ ಬಿಟ್ಟು ಓಡಿ.”

ಕೆಲವೇ ವಾರಗಳಲ್ಲಿ, ಒಂದು ಮಧ್ಯಾಹ್ನ, ಅದು ಕೂಗಿತು. ಚಿಂದಿಯ ರಾಶಿ ಒಳಗೊಳಗೇ ಹೊಗೆಯಾಡುತ್ತಿತ್ತು. ರಾತ್ರಿಪಾಳಿ ಮುಗಿಸಿ ಮೇಲೆ ಮಲಗಿದ್ದ ಹುಡುಗಿಯರೆಲ್ಲ ದಡಬಡನೆ ಬೀದಿಗಿಳಿದ ಮೇಲೆಯೇ ಜ್ವಾಲೆ ಎದ್ದದ್ದು. ಕೋಣೆ ಸುಟ್ಟು ಕರಕಲಾಯಿತು. ಯಾರ ಮೈಗೂ ಬಿಸಿ ತಾಗಲಿಲ್ಲ. ಯಜಮಾನರು ಈಗ ಪೆಟ್ಟಿಗೆಯ ಹಸಿರು ದೀಪ ನೋಡಿಯೇ ಅಂಗಡಿ ತೆರೆಯುತ್ತಾರೆ.

ಅಂದು ಅಕ್ಕ ಊರಿನ ಇನ್ನೊಂದು ತುದಿಯಲ್ಲಿದ್ದರು. ತಾವು ಕೂರಿಸಿದ ಒಂದು ಗಂಟೆಯೂ ನಿಜವಾಗಿ ಹೊಡೆದದ್ದನ್ನು ಇವತ್ತಿನವರೆಗೂ ಅವರು ಕೇಳಿಲ್ಲ. ಒಮ್ಮೆಯಾದರೂ ಕೇಳಬೇಕೆನಿಸುವುದಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

“ನಾನು ಎದುರಿಗೆ ನಿಂತಾಗ ಕೂಗೋದೇನು ಮಹಾ? ನಾನಿಲ್ದೇ ಇದ್ದಾಗ ಕೂಗ್ತಲ್ಲ, ಅದು ನನ್ನ ಕೆಲಸ.”