ಹೆನ್ನಿ ಅಜ್ಜಿಯ ಕೋಲ್‌ಸ್ಲಾ

೨೦೦೬ರಲ್ಲಿ ಯಜಮಾನರ ಕೆಲಸ ಸಿಡ್ನಿಯಿಂದ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ಗೆ ಬದಲಾಯಿತು. ಮನೆಗೆಲಸವಷ್ಟೇ ಗೊತ್ತಿದ್ದ ನನಗೆ ನಮ್ಮ ಸಬರ್ಬಿನ ಏಜ್ಡ್ ಕೇರ್‌ನಲ್ಲಿ, ಅಂದರೆ ವೃದ್ಧರ ಆರೈಕೆಯ ಮನೆಯಲ್ಲಿ, ಅಡುಗೆ ಸಹಾಯಕಿಯ ಕೆಲಸ ಸಿಕ್ಕಿತು. ಸಲಾಡಿನ ಮೇಜು ನನ್ನದು, ಮಾಂಸ ಮುಟ್ಟಬೇಕಿರಲಿಲ್ಲ. ದೇವರು ದೊಡ್ಡವನು.

ಅಲ್ಲಿ ಹೆನ್ನಿ ಎಂಬ ಡಚ್ ಅಜ್ಜಿ ಊಟ ಬಿಟ್ಟು ಕೂತಿದ್ದರು. ಎರಡು ತಿಂಗಳಲ್ಲಿ ಆರು ಕಿಲೋ ಇಳಿದಿದ್ದರು. ನರ್ಸ್ ಸಾವಿತ್ರಿ ಹುಬ್ಬಳ್ಳಿಯವಳು. "ಅಕ್ಕಾರ, ಇನ್ನೊಂದ್ ಕಿಲೋ ಇಳದ್ರ ಆಸ್ಪತ್ರಿಗೆ ಕಳಸ್ತಾರ್ರೀ, ಮೂಗಿನಾಗ ಪೈಪ್ ಹಾಕ್ತಾರ" ಎಂದಳು.

ಆ ಮಧ್ಯಾಹ್ನ ತಟ್ಟೆ ಒಯ್ದವಳು ನಾನೇ. ಮಯೊನೇಸ್ ಎಂಬ ಗಟ್ಟಿ ಬಿಳಿ ಸಾಸ್ ಕಲಸಿದ ಕೋಲ್‌ಸ್ಲಾವನ್ನು ಅಜ್ಜಿ ಫೋರ್ಕಿನಿಂದ ಆಚೆ ತಳ್ಳಿದರು.

"ಇದು ನಮ್ಮ ಭಾಷೆಯ ಹೆಸರು, ಗೊತ್ತಾ? ಕೋಲ್ ಅಂದ್ರೆ ಎಲೆಕೋಸು. ಸ್ಲಾ ಅಂದ್ರೆ ಸಲಾಡ್. ಸಲಾಡೆ ಅನ್ನೋದನ್ನ ನಾವೇ ಮೊಟಕು ಮಾಡಿದ್ದು. ಅಮೆರಿಕಕ್ಕೆ ಹೋದ ನಮ್ಮವರಿಂದ ಇಂಗ್ಲಿಷಿನವರು ಹೆಸರು ಕಲಿತ್ರು. ಆಮೇಲೆ ಮೇಲಿಂದ ಈ ಬಿಳಿ ಗೋಂದು ಸುರಿದ್ರು!"

"ನಿಮ್ಮಮ್ಮ ಹೇಗೆ ಮಾಡ್ತಿದ್ರು?" ಎಂದೆ.

ಸಣ್ಣಗೆ ಹೆಚ್ಚಿದ ಕೋಸಿಗೆ ಉಪ್ಪು ಹಾಕಿ, ನೀರು ಹಿಂಡಿ, ವಿನೆಗರ್ ಮತ್ತು ಬಿಸಿ ಬೆಣ್ಣೆ ಸುರಿಯುವುದಂತೆ. ನಮ್ಮ ಕೋಸಂಬರಿಯ ತಂಗಿಯೇ ಅನ್ನಿಸಿತು.

ಮರುದಿನ ಶೆಫ್‌ನ ಒಪ್ಪಿಗೆ ಪಡೆದು ಮಾಡಿದೆ. ಮೊದಲೇ ಉಪ್ಪು ಬಿದ್ದಿತ್ತು. ಆದರೆ ಕೋಸಂಬರಿಗೆ ಬಡಿಸುವಾಗ ಉಪ್ಪು ಬೆರೆಸಿ ಅಭ್ಯಾಸವಾದ ಕೈ ಕೊನೆಯಲ್ಲಿ ಮತ್ತೊಂದು ಚಮಚ ಉದುರಿಸಿತು. ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ನಾಲಿಗೆಗೆ ಸೋಕಿಸುವುದು ನಮ್ಮಲ್ಲಿಲ್ಲ. ಅದೇ ರೂಢಿಯಲ್ಲಿ ಇಲ್ಲೂ ರುಚಿ ನೋಡಲಿಲ್ಲ.

ಒಂದು ತುತ್ತಿಗೇ ಅಜ್ಜಿ ಮುಖ ಕಿವುಚಿದರು. "ಸಮುದ್ರದಲ್ಲಿ ತೊಳೆದ್ಯಾ? ರುಚಿ ನೋಡ್ಲಿಲ್ವಾ?"

"ದೇವರಿಗಿಂತ ಮೊದಲು ನಾವು ರುಚಿ ನೋಡಲ್ಲ, ಆಂಟಿ."

ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. "ಪಾಪ, ನಿನ್ನ ದೇವರು! ನಾಳೆಯಿಂದ ಮೊದಲು ನನ್ನ ಹತ್ರ ತಾ. ನಾನು ನೋಡ್ತೀನಿ."

ಅಂದಿನಿಂದ ದಿನಾ ಹನ್ನೊಂದೂವರೆಗೆ ಬಟ್ಟಲು ಅವರ ಮುಂದಿರುತ್ತಿತ್ತು. ಮೊದಲು ಕೋಸು, ಬರಬರುತ್ತಾ ಸೂಪು, ಆಲೂಗಡ್ಡೆ. "ಹುಳಿ ಸಾಲದು" ಎನ್ನುವರು. "ಸರಿಯಾಗಿ ಗೊತ್ತಾಗ್ಲಿಲ್ಲ, ಇನ್ನೊಂದು ಚಮಚ ಕೊಡು" ಎನ್ನುವರು. ಬಟ್ಟಲು ಖಾಲಿಯಾಗುವುದು.

ಮೂರನೇ ವಾರ ಸಾವಿತ್ರಿ ಕಾರಿಡಾರಿನಿಂದಲೇ ಕೂಗಿದಳು: "ಅಕ್ಕಾರ, ಅಜ್ಜಿ ತೂಕ ಏರೇತ್ರೀ! ಒಂದೂವರಿ ಕಿಲೋ!" ಆಸ್ಪತ್ರೆಯ ಮಾತು ಅಲ್ಲಿಗೆ ನಿಂತಿತು. ನಾನು ಫ್ರಿಜ್ಜಿನ ಹಿಂದೆ ನಿಂತು ಕೈಮುಗಿದೆ.

ಊಟ ಬೇಡವೆನ್ನುವವರಿಗೆ 'ತಿನ್ನಿ' ಎಂದು ಗೋಗರೆಯುವುದಕ್ಕಿಂತ, 'ಸರಿಯಾಗಿದೆಯಾ, ಹೇಳಿ' ಎಂದು ಕೇಳುವುದು ಮೇಲೆಂದು ಆ ಕೆಲಸ ಕಲಿಸಿತು. ಹೆನ್ನಿ ಅಜ್ಜಿ ಮತ್ತೆ ನಾಲ್ಕು ವರ್ಷ ಬದುಕಿದರು. ನನ್ನ ಕೈಯ ಉಪ್ಪನ್ನು ಮಾತ್ರ ಒಂದು ದಿನವೂ ನಂಬಲಿಲ್ಲ.