ಗೇಟ್ ಮೀಟಿಂಗಿನ ಚಪ್ಪಾಳೆ

ಯೂನಿಯನ್ ಅಧ್ಯಕ್ಷನಾಗಿ ಕಾರ್ಖಾನೆಯ ಗೇಟಿನ ಮುಂದೆ ನಾನು ಮಾಡಿದ ಭಾಷಣಗಳು ಬಹುಪಾಲು ಮರೆತುಹೋಗಿವೆ. ಒಂದು ಮಾತ್ರ ಹೋಗಿಲ್ಲ. ಸಂಬಳದ ಒಪ್ಪಂದ ಮುಗಿಸಿ ಬಂದು "ಗೆದ್ದಿದ್ದೀವಿ" ಎಂದೆ. ನಮ್ಮಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿ ಇರಲಿಲ್ಲ. ಚಪ್ಪಾಳೆ ಬಿದ್ದರೆ ಒಪ್ಪಿಗೆ. ಕಾಯಂ ನೌಕರರು ತಟ್ಟಿದರು. ಹಿಂದೆ ನಿಂತಿದ್ದ ಗುತ್ತಿಗೆ ಹೆಂಗಸರೂ ತಟ್ಟಿದರು. ಅವರಿಗೆ ಕ್ಯಾಂಟೀನಿನಲ್ಲಿ ಸಿಗುತ್ತಿದ್ದ ಊಟವನ್ನು ಬಿಟ್ಟುಕೊಟ್ಟು ನಮ್ಮ ಸಂಬಳ ಏರಿಸಿಕೊಂಡಿದ್ದೇನೆಂದು ನಾನು ಹೇಳಿರಲಿಲ್ಲ. ಅವರು ತಟ್ಟುವುದನ್ನು ನೋಡುತ್ತಲೇ ಕೈ ಮುಗಿದೆ.

ಸೋಮವಾರದಿಂದ ಅವರು ಗೇಟಿನ ಹೊರಗೆ ಹೊಂಗೆ ಮರದಡಿ ಡಬ್ಬಿ ಬಿಚ್ಚತೊಡಗಿದರು. ನಾನು ಹಿಂದಿನ ಗೇಟಿನಿಂದ ಓಡಾಡಿದೆ. ಆಮೇಲೂ ಚುನಾವಣೆಗಳಲ್ಲಿ ಗೆದ್ದೆ.

ಈಗ ನಿವೃತ್ತನಾಗಿ ಕುಂಬಾರಕೊಪ್ಪಲಿನಲ್ಲಿದ್ದೇನೆ. ಮಂಡಿ ನೋವು, ಯಾರಾದರೂ "ಲೀಡ್ರೇ" ಎಂದು ಕೂಗಿದರೆ ತಿರುಗಿ ನೋಡಲೂ ಬೇಸರ. ಹೋದ ತಿಂಗಳು ಆ ಗುತ್ತಿಗೆ ಹೆಂಗಸರಲ್ಲಿ ಒಬ್ಬರು ಮನೆಗೆ ಬಂದರು. ಅವರ ಸೊಸೆ ಒಂದು ಮಾಲ್‌ನಲ್ಲಿ ನೆಲ ಒರೆಸುತ್ತಾಳೆ. ಅಲ್ಲಿ ಕಂಟ್ರಾಕ್ಟರ್ ಬದಲಾಗುತ್ತಿದ್ದ. ಹಳಬರ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಮಾತುಕತೆ ನಡೆದಿತ್ತು.

"ಮೀಟಿಂಗ್‌ಗೆ ನೀವು ಬರ್ಬೇಕು ಕಣಣ್ಣ."

"ಭಾಷಣ ಎಲ್ಲ ಬಿಟ್ಬುಟ್ಟೆ ಕಣಮ್ಮ."

"ನಿಮ್ ಭಾಷಣ ಯಾರಿಗ್ಬೇಕು ಬುಡಿ."

ನನಗೆ ತಡೆಯಲಾಗಲಿಲ್ಲ. "ಅವತ್ತು ನಿಮ್ಮ ಊಟ ತೆಗೆಸಿದ್ದು ನಾನೇ. ಕಂಪನಿಯವ್ರು ಕೇಳಿದ್ರು, ಒಪ್ಕೊಂಡೆ."

"ಗೊತ್ತು. ಕ್ಯಾಂಟೀನ್ ಬಾಗ್ಲಲ್ಲಿ ತಡುದ್ರಲ್ಲ, ಅವತ್ತೇ ಗೊತ್ತಾಯ್ತು. ಡಬ್ಬೀಲಿ ಉಪ್ಪಿನ್ಕಾಯಿ ಇಲ್ದಿದ್ರೂ ನಂಚ್ಕೊಳ್ಳೋಕೆ ನಿಮ್ ಹೆಸ್ರು ಇರ್ತಿತ್ತು."

"ಮತ್ತೆ ನನ್ನ ಯಾಕೆ ಕರೀತೀರಿ?"

"ನಮ್ ಸೊಸೆ ಕಡೆ ಲೀಡ್ರು ಚೆನ್ನಾಗಿ ಮಾತಾಡ್ತಾನೆ. ಅದಕ್ಕೇ ಭಯ. ಏನು ಹೇಳ್ದೆ ಬುಡ್ತಾನೆ ಅಂತ ನಮಗೆ ತಿಳಿಯಕಿಲ್ಲ. ನಿಮಗೆ ತಿಳೀತದೆ."

ಕ್ಷಮಿಸಿದ್ದೀರಾ ಎಂದು ಕೇಳಲಿಲ್ಲ. ಕೇಳಿದ್ದರೆ ಅದೂ ಒಂದು ಚೌಕಾಸಿಯಾಗುತ್ತಿತ್ತು.

ಭಾನುವಾರ ಅವರ ಮನೆಯ ಮುಂದೆ ಹೆಂಗಸರು ಸೇರಿದ್ದರು. ಆ ಲೀಡರ್ ಹುಡುಗ ಹೊಸ ಕಂಟ್ರಾಕ್ಟರ್ ಜೊತೆಗಿನ ಒಪ್ಪಂದ ವಿವರಿಸಿದ. ಒಂದು ಕಡೆ ಅವನ ಮಾತು ಸ್ವಲ್ಪ ಬಿರುಸಾಯಿತು. ಮುಚ್ಚಿಡಬೇಕಾದ್ದನ್ನು ನಾನೂ ಹಾಗೆಯೇ ದಾಟಿಸುತ್ತಿದ್ದೆ.

"ಈಗ ಹೇಳಿದ್ದು ಇನ್ನೊಂದ್ಸಲ ಹೇಳಪ್ಪ, ನಿಧಾನಕ್ಕೆ" ಎಂದೆ.

ಅವನು ನನ್ನನ್ನೇ ದಿಟ್ಟಿಸಿದ. ಬಿಡದೆ ಕೇಳಿದ ಮೇಲೆ, ಐವತ್ತು ದಾಟಿದವರನ್ನು ಹೊಸ ಕಂಟ್ರಾಕ್ಟರ್ ಇಟ್ಟುಕೊಳ್ಳುವುದಿಲ್ಲ ಎಂದು ಬಾಯಿ ಬಿಟ್ಟ. ಸೊಸೆಯ ಪಕ್ಕದಲ್ಲಿ ಕೂತಿದ್ದ ಇಬ್ಬರು ವಯಸ್ಸಾದ ಹೆಂಗಸರು ತಲೆ ತಗ್ಗಿಸಿದರು.

"ಹಂಗಾದ್ರೆ ಈ ಒಪ್ಪಂದ ನಮಗೂ ಬೇಡ. ಕಂಟ್ರಾಕ್ಟರ್‌ಗೆ ಹೇಳು" ಎಂದಳು ಸೊಸೆ. ಹುಡುಗ ಎದ್ದು ಫೋನ್ ತೆಗೆದ.